ವೈಲ್ಡ್‌ಲೈಫ್ ಎಂಟರ್‌ಪ್ರೈಸ್ ಮ್ಯಾನೇಜ್‌ಮೆಂಟ್ ಓದಿದರೆ ಇಲ್ಲಿ ಕೆಲಸಕ್ಕೆ ಬರುತ್ತಾ?

ಬನಶಂಕರಿ_ಬಿಬಿಎ:
ಬೆಂಗಳೂರಿನಲ್ಲಿ ಬಿಬಿಎ ಕೊನೇ ವರ್ಷ. ಜಂಗಲ್ ರೆಸಾರ್ಟ್, ಸಫಾರಿ, ಟ್ರೆಕ್ಕಿಂಗ್ ಕ್ಯಾಂಪ್ ನಡೆಸುವ ಕಡೆ ಹೋಗಬೇಕು ಅಂತಿದ್ದೀನಿ. ಅಮೆರಿಕದ ಕನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ‘ವೈಲ್ಡ್‌ಲೈಫ್ ಅಂಡ್ ಔಟ್‌ಡೋರ್ ಎಂಟರ್‌ಪ್ರೈಸ್ ಮ್ಯಾನೇಜ್‌ಮೆಂಟ್’ ಅಂತಲೇ ಒಂದು ಡಿಗ್ರಿ ಇದೆ. ಅದನ್ನ ಓದಬೇಕಾ, ಇಲ್ಲೇ ದಾರಿ ಇದೆಯಾ?

ಹಿನ್ನೀರು:
ಅಲ್ಲಿಯ ವ್ಯವಹಾರದ ಬೇರು ಬೇಟೆ, ಗಾಳ ಹಾಕಿ ಮೀನು ಹಿಡಿಯೋದು ಮತ್ತು ಶೂಟಿಂಗ್ ರೇಂಜ್‌ನಲ್ಲಿದೆ. ಖಾಸಗಿ ಜಮೀನಿನವರು ಬೇಟೆಗೆ ಬರುವವರಿಂದ ದುಡ್ಡು ಪಡೀತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನ ನಿಷೇಧಿಸಿರುವಾಗ ಬೇಟೆಯ ಭಾಗ ಪೂರ್ತಿ ವ್ಯರ್ಥ. ಆತಿಥ್ಯ, ಲೆಕ್ಕಪತ್ರ, ವಿಮೆ, ಆವಾಸಸ್ಥಾನ ನಿರ್ವಹಣೆ ಇಷ್ಟು ಮಾತ್ರ ಉಪಯೋಗಕ್ಕೆ ಬರುತ್ತೆ. ಸಾಲದ್ದಕ್ಕೆ ಅದು ಬ್ಯಾಚುಲರ್ ಡಿಗ್ರಿ. ಕೈಯಲ್ಲಿ ಬಿಬಿಎ ಇಟ್ಟುಕೊಂಡು ಮತ್ತೆ ನಾಲ್ಕು ವರ್ಷ ಯಾಕೆ?

ನಿಮಗೆ ಹೊಂದೋದು ಭೋಪಾಲದ ಐಐಎಫ್‌ಎಂನ (ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ) ಎರಡು ವರ್ಷದ ಎಂಬಿಎ. ಕ್ಯಾಟ್‌ನಂಥ ಪ್ರವೇಶ ಪರೀಕ್ಷೆಯ ಅಂಕ ಬೇಕು. ಬೆಂಗಳೂರಿನ ಎನ್‌ಸಿಬಿಎಸ್‌ನ (ಜೀವವಿಜ್ಞಾನದ ಸಂಶೋಧನಾ ಕೇಂದ್ರ) ವನ್ಯಜೀವಿ ಎಂಎಸ್‌ಸಿ ಒಳ್ಳೆಯದೇ, ಆದರೆ ಅದು ಸಂಶೋಧಕರಿಗೆ. ಶಿರಸಿ, ಪೊನ್ನಂಪೇಟೆಯ ಬಿಎಸ್‌ಸಿ ಅರಣ್ಯಶಾಸ್ತ್ರ ಪಿಯು ಸೈನ್ಸ್ ಆದವರಿಗೆ, ಬಿಡಿ.

ಲೆಕ್ಕದ_ಮೇಷ್ಟ್ರು:
ಡಿಗ್ರಿ ಯಾವುದೇ ಇರಲಿ, ಧಾರಣಾ ಸಾಮರ್ಥ್ಯದ (ಕಾಡು ದಿನಕ್ಕೆ ಎಷ್ಟು ವಾಹನ ತಾಳುತ್ತೆ ಅನ್ನೋದರ) ಲೆಕ್ಕ ಬರದಿದ್ದರೆ ಈ ಕ್ಷೇತ್ರದಲ್ಲಿ ಮಾತಾಡೋಕಾಗಲ್ಲ. ಎನ್‌ಟಿಸಿಎ (ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ) 2012ರ ಮಾರ್ಗಸೂಚಿಯ ಪ್ರಕಾರ ಹುಲಿ ಮೀಸಲಿನ ಕೋರ್ (ಒಳಗಿನ ಮುಖ್ಯ) ಪ್ರದೇಶದಲ್ಲಿ ಪ್ರವಾಸೋದ್ಯಮಕ್ಕೆ ಹೆಚ್ಚೆಂದರೆ ಶೇ 20 ಜಾಗ. ಒಂದು ವಾಹನಕ್ಕೂ ಇನ್ನೊಂದಕ್ಕೂ ಕನಿಷ್ಠ 500 ಮೀಟರ್ ಅಂತರ ಅಂದರೆ ಕಿಲೋಮೀಟರಿಗೆ ಎರಡು ವಾಹನ.

ಸಫಾರಿ ರಸ್ತೆ 40 ಕಿ.ಮೀ. ಅಂತಿಟ್ಟುಕೊಳ್ಳಿ: ಒಂದು ಸಲಕ್ಕೆ 80. ಗೇಟು ದಿನಕ್ಕೆ 7 ಗಂಟೆ ತೆರೆದಿದ್ದು ಒಂದು ಸುತ್ತಿಗೆ ಮೂರೂವರೆ ಗಂಟೆ ಆದರೆ ಎರಡು ಸರದಿ: 160. ಮಣ್ಣುಸವಕಳಿಗೆ ಶೇ 20 ಕಳೆದರೆ 128. ಪ್ರಾಣಿಗಳಿಗಾಗುವ ತೊಂದರೆಗೆ ಉಳಿದದ್ದರಲ್ಲಿ ಶೇ 10 ಕಳೆದರೆ 115. ಇಲಾಖೆಗೆ ಬೇಕಾದ ಸಿಬ್ಬಂದಿ, ಜೀಪು ಅರ್ಧವೇ ಇದ್ದರೆ ಕೊನೆಗೆ ನಿಲ್ಲೋದು ದಿನಕ್ಕೆ 57 ವಾಹನ. ಹೊಸಬರು 160ಕ್ಕೇ ನಿಲ್ಲಿಸಿ ಬಿಸಿನೆಸ್ ಪ್ಲಾನ್ ಬರೀತಾರೆ, ಅಲ್ಲೇ ಕೆಡೋದು.

ಬನಶಂಕರಿ_ಬಿಬಿಎ:
ಹಾಗಾದ್ರೆ ರೂಮು ಎಷ್ಟು ಕಟ್ಟಬೇಕು ಅನ್ನೋದನ್ನೂ ಸಫಾರಿ ಸೀಟೇ ತೀರ್ಮಾನ ಮಾಡುತ್ತಾ ಸರ್?

ಹಿನ್ನೀರು:
ಹೌದು. 24 ರೂಮಿದ್ದರೆ 48 ಜನ. ಸರದಿಗೆ ನಿಮಗೆ ಸಿಗೋದು 30 ಸೀಟು ಆದರೆ 18 ಜನ ಮುನಿಸಿಕೊಂಡೇ ಊಟಕ್ಕೆ ಕೂರ್ತಾರೆ. ವಾರಾಂತ್ಯದಲ್ಲಿ ಇದು ಖಾಯಂ ಜಗಳ. ಅದಕ್ಕಿಂತ ದೊಡ್ಡ ಅಪಾಯ ಸಫಾರಿಯೇ ನಿಲ್ಲೋದು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಯಲ್ಲಿ ಸರ್ಕಾರ ಸಫಾರಿ ನಿಲ್ಲಿಸಿತು. ಹುಲಿಯೊಂದನ್ನೇ ಮಾರುತ್ತಿದ್ದವರಿಗೆ ಬುಕಿಂಗ್ ರದ್ದು ಮಾಡೋದೇ ಕೆಲಸ. ಸ್ವಂತ ಜಾಗದಲ್ಲಿ ಪಕ್ಷಿ ವೀಕ್ಷಣೆ, ಊರವರೇ ಮಾರ್ಗದರ್ಶಕರಾದ ನಡಿಗೆ, ಮಕ್ಕಳ ಪ್ರಕೃತಿ ಶಿಬಿರ ಇವೆಲ್ಲ ಮೊದಲೇ ದರಪಟ್ಟಿಯಲ್ಲಿರಬೇಕು. ಆ ಊರಿನ ಹಸು ಹುಲಿ ಬಾಯಿಗೆ ಹೋದಾಗ ನಿಮ್ಮ ಗೇಟಿಗೆ ಜನ ಮಾತಾಡೋಕೆ ಬರ್ತಾರಾ, ಕಲ್ಲು ಬರುತ್ತಾ ಅನ್ನೋದು ಊರಿನ ಎಷ್ಟು ಮನೆಗೆ ಸಂಬಳ ಹೋಗುತ್ತೆ ಅನ್ನೋದರ ಮೇಲಿದೆ.

ಜಮೀನು ನೋಡುವಾಗ ಆರ್‌ಟಿಸಿಗೂ (ಪಹಣಿ) ಮುಂಚೆ ಪರಿಸರ ಸೂಕ್ಷ್ಮ ವಲಯದ (ಸಂರಕ್ಷಿತ ಕಾಡಿನ ಸುತ್ತ ಕಟ್ಟಡ, ಉದ್ಯಮಕ್ಕೆ ನಿರ್ಬಂಧ ಇರುವ ಪಟ್ಟಿ) ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿ. ಬಂಡೀಪುರದ ಸುತ್ತಲಿನದ್ದು 2012ರಲ್ಲೇ ಅಧಿಸೂಚನೆ ಆಗಿದೆ.

ಲೆಕ್ಕದ_ಮೇಷ್ಟ್ರು:
ಒಂದು ಸೇರಿಸ್ತೀನಿ. ಎಂಬಿಎಗೆ ಮುಂಚೆ ಇಂಟರ್ನ್‌ಶಿಪ್ ಮಾಡಿ. ಜಂಗಲ್ ಲಾಡ್ಜಸ್ ಸರ್ಕಾರಿ ಸಂಸ್ಥೆ, 1980ರಿಂದ ಇದೆ. ಅಲ್ಲಿ ಕೇಳಿ, ಖಾಸಗಿಯವರನ್ನೂ ಕೇಳಿ. ಎಲ್ಲರೂ ನ್ಯಾಚುರಲಿಸ್ಟ್ (ಕಾಡು ತೋರಿಸುವ ಮಾರ್ಗದರ್ಶಕ) ಜೊತೆ ಜೀಪ್ ಹತ್ತೋಕೆ ಆಸೆಪಡ್ತಾರೆ. ನೀವು ಸ್ಟೋರ್ ಮತ್ತು ಫ್ರಂಟ್ ಆಫೀಸ್ ಕೇಳಿ. ಏಪ್ರಿಲ್‌ನಲ್ಲಿ ಒಂದು ಪಾಳಿ (ಕಬಿನಿ ನೀರು ಇಳಿದು ಆನೆ ಹಿಂಡು ಸೇರೋ ಸಮಯ, ರೂಮು ಭರ್ತಿ), ಜುಲೈ ಮಳೆಯಲ್ಲಿ ಇನ್ನೊಂದು. ಎರಡೂ ತಿಂಗಳ ಡೀಸೆಲ್, ಅಡುಗೆಮನೆ, ಸಂಬಳದ ಲೆಕ್ಕ ಪಕ್ಕಪಕ್ಕ ಬರೆದುಕೊಳ್ಳಿ. ಖಾಲಿ ರೂಮಿಗೂ ಎಷ್ಟು ಖರ್ಚಾಗುತ್ತೆ ಅಂತ ಅದರಲ್ಲಿ ಸಿಗುತ್ತೆ; ದರ ಇಡೋದು ಅಲ್ಲಿಂದ ಶುರು.