‘ಮರೆತ ಸೇನೆ’ ಎಂದರೆ ಮರೆತವರು ಯಾರು?

ಮಾನ್ಯರೇ,

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಜಪಾನೀಯರೊಡನೆ ಹೋರಾಡಿದ, ಬ್ರಿಟಿಷ್ ಸಾಮ್ರಾಜ್ಯದ ಹದಿನಾಲ್ಕನೆಯ ಸೇನೆಗೆ ಇಂಗ್ಲಿಷಿನಲ್ಲಿ ‘ಫರ್ಗಾಟನ್ ಆರ್ಮಿ’ ಎಂಬ ಅಡ್ಡಹೆಸರು ಉಂಟು. ಅದನ್ನು ಕನ್ನಡದಲ್ಲಿ ‘ಮರೆತ ಸೇನೆ’ ಎಂದು ಬರೆಯಬಹುದೇ ಎಂಬುದು ನನ್ನ ಪ್ರಶ್ನೆ.

‘ಪಾಠ ಮರೆತ ಹುಡುಗ’ ಎಂದಾಗ ಮರೆತವನು ಹುಡುಗ. ‘ಹುಡುಗ ಮರೆತ ಪಾಠ’ ಎಂದಾಗ ಮರೆತುಹೋದದ್ದು ಪಾಠ. ಹಿಂದೆ ಬೇರೆ ನಾಮಪದವಿಲ್ಲದೆ ಬರಿಯ ‘ಮರೆತ ಸೇನೆ’ ಎಂದರೆ ಸೇನೆಯೇ ಏನನ್ನೋ ಮರೆತಂತೆ ಕೇಳಿಸುತ್ತದೆ. ‘ಮರೆಯಲ್ಪಟ್ಟ ಸೇನೆ’ಯಲ್ಲಿ ಈ ಗೊಂದಲವಿಲ್ಲ, ಆದರೆ ಅದು ಕಿವಿಗೆ ಒಗ್ಗದು. ‘ಮರೆತುಹೋದ ಸೇನೆ’ ಸಹಜವಾಗಿದೆಯಾದರೂ ಮರೆವು ಯಾರ ಹೊಣೆಯೂ ಇಲ್ಲದೆ ತಾನಾಗಿ ಆಯಿತೆಂಬ ಧ್ವನಿ ಅದರಲ್ಲಿದೆ. ನನ್ನ ಆಕ್ಷೇಪ ಇರುವುದು ಅಲ್ಲಿಯೇ.

ಏಕೆಂದರೆ ಈ ಹೆಸರು ಯುದ್ಧ ನಡೆಯುತ್ತಿದ್ದಾಗಲೇ ಸೈನಿಕರ ಬಾಯಲ್ಲಿತ್ತು. 1943ರಲ್ಲಿ ಜನರಲ್ ವಿಲಿಯಂ ಸ್ಲಿಮ್ ಅವರ ಕೈಕೆಳಗೆ ರೂಪುಗೊಂಡ ಈ ಸೇನೆಯಲ್ಲಿ ಭಾರತೀಯರೇ ಹೆಚ್ಚು. ಅವರ ಜೊತೆಗೆ ಬ್ರಿಟಿಷರು, ನೇಪಾಳದ ಗೂರ್ಖರು, ಪೂರ್ವ ಮತ್ತು ಪಶ್ಚಿಮ ಆಫ್ರಿಕಾದವರು ಇದ್ದರು. ಸಾಮಗ್ರಿಯಲ್ಲಿ ಮೊದಲ ಪಾಲು ಯುರೋಪಿನ ರಣರಂಗಕ್ಕೆ ಹೋಗುತ್ತಿತ್ತು. ರಸ್ತೆಯಿಲ್ಲದ ಕಾಡಿನಲ್ಲಿ ಅಕ್ಕಿ, ಮದ್ದುಗುಂಡುಗಳೆಲ್ಲ ವಿಮಾನದಿಂದಲೇ ಇಳಿಯಬೇಕಾಗಿದ್ದರೂ ಪ್ಯಾರಾಚೂಟಿನ ಬಟ್ಟೆ ಸಾಕಷ್ಟು ಸಿಗದೆ, ಕೊನೆಗೆ ಬಂಗಾಳದ ಸೆಣಬಿನಲ್ಲಿ ಪ್ಯಾರಾಚೂಟುಗಳನ್ನು ಮಾಡಿಸಿಕೊಳ್ಳಬೇಕಾಯಿತು. ಜಪಾನೀಯರು ತಡೆದಿದ್ದ ಕೊಹಿಮಾ–ಇಂಫಾಲ ರಸ್ತೆಯನ್ನು ಈ ಸೇನೆ 1944ರ ಜೂನ್ 22ರಂದು ತೆರವುಗೊಳಿಸಿದಾಗ ಲೋಕದ ಕಣ್ಣು, ಮಿತ್ರಪಡೆಗಳು ಆಗಷ್ಟೇ ಬಂದಿಳಿದಿದ್ದ ಫ್ರಾನ್ಸಿನ ನಾರ್ಮಂಡಿಯ ಮೇಲಿತ್ತು. ಇದು ಮರೆವಲ್ಲ, ಕಡೆಗಣನೆ.

ಯುದ್ಧದ ನಂತರದ್ದು ಮಾತ್ರ ನಿಜವಾದ ಮರೆವು, ಅದರಲ್ಲಿ ನಮ್ಮ ಪಾಲೂ ಇದೆ. ಕೊಡಗಿನ ಕೆ. ಎಸ್. ತಿಮ್ಮಯ್ಯನವರನ್ನು ಭೂಸೇನೆಯ ಮುಖ್ಯಸ್ಥರೆಂದು ನಾವು ನೆನೆಯುತ್ತೇವೆ. ಇದೇ ಸಮರದಲ್ಲಿ ಅವರು ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನಿನಲ್ಲಿ ಹೈದರಾಬಾದ್ ರೆಜಿಮೆಂಟಿನ ಎಂಟನೆಯ ಬೆಟಾಲಿಯನ್ನನ್ನು ಮುನ್ನಡೆಸಿದ್ದನ್ನು ಹೇಳುವವರು ವಿರಳ.

ಹೀಗೆ ಕಡೆಗಣನೆ, ಮರೆವು ಎರಡನ್ನೂ ಹೊರಬಲ್ಲ ಮಾತು ಬೇಕಾಗಿದೆ. ‘ಉಪೇಕ್ಷಿತ ಸೇನೆ’ ಅರ್ಥಕ್ಕೆ ಹತ್ತಿರವಾದರೂ ಸೈನಿಕನ ಬಾಯಿಂದ ಬರುವಂಥದ್ದಲ್ಲ. ನನಗೆ ಒಪ್ಪಿಗೆಯಾಗಿರುವುದು ‘ಕೇಳುವವರಿಲ್ಲದ ಸೇನೆ’. ಆದರೆ ‘ಹೇಳುವವರಿಲ್ಲ, ಕೇಳುವವರಿಲ್ಲ’ ಎಂಬ ಬಳಕೆಯ ನೆನಪಿನಿಂದ ಓದುಗರು ಇದನ್ನು ಹದ್ದುಬಸ್ತಿಲ್ಲದ ಪಡೆ ಎಂದು ತಿಳಿದಾರೇ? ನಿಮ್ಮ ಸೀಮೆಯ ಆಡುಮಾತಿನಲ್ಲಿ ಈ ಪ್ರಯೋಗಕ್ಕೆ ಯಾವ ಅರ್ಥ ಮೊದಲು ಹೊಳೆಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.