ಅಪ್‌ಡೇಟ್ ಆದಮ್ಯಾಲ ಸರ್ವರ್‌ನ ಸಿ ಡ್ರೈವ್ ದಿನಾ ತುಂಬ್ಲಿಕತ್ತದ, ಏನ್ ಮಾಡ್ಲಿ?

ಪ್ರಶ್ನೆ (ದಾಲ್ ಮಿಲ್ ಅಕೌಂಟೆಂಟ್, ಕಲಬುರಗಿ):
ನಮಸ್ಕಾರ್ರಿ ಸರ್. ನೆಹರು ಗಂಜ್‌ನಾಗ ನಮ್ಮ ಆಫೀಸ್ ಅದ. ವಿಂಡೋಸ್ ಸರ್ವರ್ 2016, ಅದರ ಮ್ಯಾಲೇ ಟ್ಯಾಲಿ, ಒಂಬತ್ತು ಮಂದಿ ಕೆಲಸ ಮಾಡ್ತೀವಿ. ಸಿ ಡ್ರೈವ್ 120 ಜಿಬಿ. ಮೂರು ವಾರದ ಹಿಂದ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದ್ವಿ. ಆವಾಗಿಂದ ದಿನಾ ಜಾಗ ಕಮ್ಮಿ ಆಗ್ಲಿಕತ್ತದ, ಇವತ್ತ ಮುಂಜಾನೆ ಬರೇ 700 ಎಂಬಿ ಉಳದದ. ತೊಗರಿ ಆವಕ ಜೋರದಾಗ ಅದ, ಬಿಲ್ಲಿಂಗ್ ನಿಂತ್ರ ಲಾರಿ ಗೇಟಿನಾಗೇ ನಿಲ್ತಾವ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ 22 ಜಿಬಿ ತೋರಸ್ತದ. ಅಳಿಸಿಬಿಡ್ಲೇನ್ರಿ?

ಉತ್ತರ (ಸಿಸ್ಟಮ್ ಅಡ್ಮಿನ್):
ಬ್ಯಾಡ್ರಿ, ಅದಕ್ಕ ಕೈ ಹಚ್ಚಬ್ಯಾಡ್ರಿ. ವಿಂಡೋಸ್ ತನ್ನ ಸಿಸ್ಟಮ್ ಫೈಲ್‌ಗಳನ್ನ, ಅವುಗಳ ಹಳೇ ಆವೃತ್ತಿಗಳನ್ನ ಇಡೋ ಫೋಲ್ಡರ್ ಅದು. ಕೈಯಿಂದ ಅಳಿಸಿದ್ರ ಸರ್ವರ್ ಮುಂದ ಬೂಟ್ ಆಗ್ಲಿಕ್ಕಿಲ್ಲ. ಆ 22 ಜಿಬಿ ಪೂರಾ ಖರೇ ಲೆಕ್ಕನೂ ಅಲ್ಲ. ಒಂದೇ ಚೀಲ ತೊಗರಿನ್ನ ಗೋದಾಮಿನ ಪುಸ್ತಕದಾಗೂ ಮಿಲ್ಲಿನ ಪುಸ್ತಕದಾಗೂ ಬರದ್ರ ಎರಡು ಚೀಲ ಆಗ್ತಾವೇನು? ಅಲ್ಲಿರೋ ಭಾಳ ಫೈಲ್‌ಗಳು ಹಾರ್ಡ್ ಲಿಂಕ್. ಸಿಸ್ಟಮ್ ಫೋಲ್ಡರ್‌ನಾಗ ಇರೋ ಫೈಲೇ ಇಲ್ಲಿ ಇನ್ನೊಂದು ಹೆಸರಿನಾಗ ಕಾಣ್ತದ, ಎಕ್ಸ್‌ಪ್ಲೋರರ್ ಎರಡೂ ಕಡೆ ಎಣಸ್ತದ. ಖರೇ ಅಳತಿ ಬೇಕಂದ್ರ ವಿಂಡೋಸ್‌ನಾಗೇ ಇರೋ ಡಿಐಎಸ್‌ಎಂ ಕಮಾಂಡಿನ ‘ಅನಲೈಜ್ ಕಾಂಪೊನೆಂಟ್ ಸ್ಟೋರ್’ ಓಡಸ್ರಿ.

ನೀವು ಬರದ ಒಂದು ಮಾತು ನನಗ ಮುಖ್ಯ ಅನಸ್ತು: ‘ದಿನಾ’ ಕಮ್ಮಿ ಆಗ್ಲಿಕತ್ತದ. ಅಪ್‌ಡೇಟ್ ಒಂದ್ಸಲ ಜಾಗ ತಿಂದು ಸುಮ್ಮಾಗ್ತದ. ಮೂರು ವಾರ ಬಿಡದೇ ತಿನ್ಲಿಕತ್ತದಂದ್ರ ಯಾವುದೋ ಒಂದು ಬರೀತಾನೇ ಅದ. ವಿಂಡೋಸ್ ಫೋಲ್ಡರ್ ಒಳಗಿನ ಟೆಂಪ್ ತೆರೀರಿ. ‘ಕ್ಯಾಬ್’ ಅಂತ ಶುರುವಾಗೋ ಫೈಲ್ ಎಷ್ಟವ? ಅದೇ ವಿಂಡೋಸ್ ಫೋಲ್ಡರಿನ ಲಾಗ್ಸ್ ಒಳಗ ಸಿಬಿಎಸ್ ಅಂತ ಫೋಲ್ಡರ್ ಅದ, ಅಲ್ಲಿ ದೊಡ್ಡ ಲಾಗ್ (ಮಾಡಿದ ಕೆಲಸ ಬರದಿಡೋ ಫೈಲ್) ಎಷ್ಟು ಜಿಬಿ?

ಪ್ರಶ್ನೆ ಕೇಳಿದವರು:
ಸರ್, ಟೆಂಪ್‌ನಾಗ ಕ್ಯಾಬ್ ಫೈಲ್ ನೂರಾರು ಅವ, ಕೂಡಿ 61 ಜಿಬಿ! ಸಿಬಿಎಸ್‌ನಾಗ ಒಂದು ಲಾಗ್ 3 ಜಿಬಿ ಅದ.

ಉತ್ತರ:
ಸಿಕ್ತು ನೋಡ್ರಿ. ಅಪ್‌ಡೇಟ್ ಹಾಕೋ ಸರ್ವಿಸ್ ಸಿಬಿಎಸ್‌ನಾಗ ಲಾಗ್ ಬರೀತದ. ಅದು ಬೆಳದಮ್ಯಾಲ ಹಳೇದನ್ನ ಒತ್ತಿ ಸಣ್ಣ ಕ್ಯಾಬ್ ಫೈಲ್ ಮಾಡ್ತದ. ಆ ಒತ್ತೋ ಪ್ರೋಗ್ರಾಂಗ 2 ಜಿಬಿ ಮೀರಿದ ಫೈಲ್ ಆಗಂಗಿಲ್ಲ. ಅರ್ಧಕ್ಕ ಸೋತು, ಅರ್ಧ ಫೈಲನ್ನ ಟೆಂಪ್‌ನಾಗ ಬಿಟ್ಟು, ಸ್ವಲ್ಪ ಹೊತ್ತಿಗೆ ಮತ್ತ ಮೊದಲಿಂದ ಶುರು ಮಾಡ್ತದ. ಬರೇ ಕ್ಯಾಬ್ ಅಳಿಸಿದ್ರ ನಾಳಿ ಮತ್ತ ಬರ್ತಾವ, ಆ ದೊಡ್ಡ ಲಾಗ್ ಹೋಗಲೇಬೇಕು.

ಇವತ್ತ ಸಂಜಿ ಬಿಲ್ಲಿಂಗ್ ಮುಗಿದಮ್ಯಾಲ ಮಾಡ್ರಿ. ಟ್ಯಾಲಿ ಡೇಟಾ ಮೊದಲು ಹೊರಗಿನ ಡಿಸ್ಕಿಗೆ ಬ್ಯಾಕಪ್ ತಗೋರಿ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್’ ಸರ್ವಿಸ್ ನಿಲ್ಲಿಸಿ, ಆ 3 ಜಿಬಿ ಲಾಗ್ ಅಳಿಸಿ, ಆಮ್ಯಾಲ ಟೆಂಪ್‌ನ ಕ್ಯಾಬ್ ಫೈಲ್ ಎಲ್ಲಾ ತಗೀರಿ. ಸರ್ವಿಸ್ ವಾಪಸ್ ಶುರು ಮಾಡ್ರಿ.

ಮತ್ತೊಬ್ಬರು (ಯಾದಗಿರಿ):
ನಡುವ ಬಾಯಿ ಹಾಕ್ತೀನಿ ಸರ್. ನಮ್ಮಲ್ಲಿ ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್ 14 ಜಿಬಿ ಅದ. ಅದನ್ನ ಅಳಿಸಬಹುದೇನು?

ಉತ್ತರ:
ಅದೂ ಬ್ಯಾಡ್ರಿ. ಬೀದರ್‌ನಾಗ ಒಂದು ಆಫೀಸಿನವರು ಅಳಿಸಿ ಕೂತಿದ್ರು, ನಾ ಹೋಗಿ ನೋಡೀನಿ. ಹಾಕಿದ ಸಾಫ್ಟ್‌ವೇರ್ ತಗೀಲಿಕ್ಕೂ ಆಗ್ಲಿಲ್ಲ, ಅಪ್‌ಡೇಟ್ ಮಾಡ್ಲಿಕ್ಕೂ ಆಗ್ಲಿಲ್ಲ. ಎರಡು ದಿನ ಆ ಮಂದಿ ಪಟ್ಟ ಪಾಡು ನನಗಿನ್ನೂ ನೆನಪದ. ನಿಮ್ಮ ಸರ್ವರ್‌ನಾಗ ವೆಬ್‌ಸೈಟ್ ನಡೀತಿದ್ರ ಐನೆಟ್‌ಪಬ್ (ವೆಬ್‌ಸೈಟಿನ ಫೋಲ್ಡರ್) ಒಳಗಿನ ಲಾಗ್ ನೋಡ್ರಿ, ಅವು ತಾವಾಗೇ ಅಳಿಯಂಗಿಲ್ಲ. ಹಳೇವನ್ನ ತೆಗದ್ರ ತೊಂದರಿ ಇಲ್ಲ.

ಪ್ರಶ್ನೆ ಕೇಳಿದವರು:
ಆತು ಸರ್! 64 ಜಿಬಿ ಖಾಲಿ ಆಗ್ಯದ, ಮುಂಜಾನಿಂದ ಒಂದು ಎಂಬಿನೂ ಇಳದಿಲ್ಲ. ಭಾಳ ಉಪಕಾರ ಆತ್ರಿ. ವಿನ್‌ಎಸ್‌ಎಕ್ಸ್‌ಎಸ್ ಹಂಗೇ ಬಿಡ್ಲೇನು?

ಉತ್ತರ:
ಡಿಐಎಸ್‌ಎಂನಾಗ ‘ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್’ ಅದ, ಅದನ್ನ ಒಂದು ರಾತ್ರಿ ಓಡಸ್ರಿ, ಬೇಡಾದ ಹಳೇ ಆವೃತ್ತಿ ಅದೇ ತಗೀತದ. ಅದಕ್ಕ ‘ರೀಸೆಟ್ ಬೇಸ್’ ಮಾತ್ರ ಈಗ ಸೇರಿಸಬ್ಯಾಡ್ರಿ. ಸೇರಿಸಿದ್ರ ಈಗ ಹಾಕಿದ ಅಪ್‌ಡೇಟ್ ವಾಪಸ್ ತಗಿಯೋ ದಾರಿ ಮುಚ್ಚತದ. ಟ್ಯಾಲಿ ಡೇಟಾ ಸಿ ಮ್ಯಾಲ ಇದ್ರ ಈ ವಾರದಾಗೇ ಬ್ಯಾರೆ ಡ್ರೈವಿಗೆ ಸರಸ್ರಿ. ಸರ್ವರ್ 2016ಕ್ಕ ಸೆಕ್ಯೂರಿಟಿ ಅಪ್‌ಡೇಟ್ 2027ರ ಜನವರಿ 12ಕ್ಕ ಮುಗೀತದ, ಅದೂ ತೊಗರಿ ಸುಗ್ಗಿ ನಡುವೇ ಬರ್ತದ. ಹೊಸ ಸರ್ವರ್ ಮಾತು ಮಾಲಕರ ಕಿವಿಗೆ ಮಳಿಗಾಲದಾಗೇ ಹಾಕ್ರಿ.