ಮಾವ, ಚೂ ಬಗ್ಗೆ ಕೇಳಿದ್ದಿರಲ್ಲ, ಕೇಳಿ

ಮಾವ, ನಿಮ್ಮ ಮೆಸೇಜ್ ಈಗ ನೋಡಿದೆ. ಡಲ್ಲಾಸ್‌ನಿಂದ ಮೊಮ್ಮಗ ಹಾಕಿದ ಫೋಟೋದಲ್ಲಿ 17ನೇ ನಂಬರ್ ಜೆರ್ಸಿ ಇತ್ತಲ್ಲ, ಕೊರಿಯಾದ ಬೇಸ್‌ಬಾಲ್ ಆಟಗಾರ ಚೂ ಶಿನ್-ಸೂದು. "ಏಳು ವರ್ಷಕ್ಕೆ 13 ಕೋಟಿ ಡಾಲರ್ ಕೊಡೋಕೆ ಅವನು ಅಂಥದ್ದೇನು ಮಾಡಿದ?" ಅಂತ ಕೇಳಿದ್ದೀರಿ. ಟೈಪ್ ಮಾಡಿದರೆ ಮುಗಿಯೋದಿಲ್ಲ, ಮಾತಾಡಿಯೇ ಹೇಳುತ್ತೇನೆ.

ಅವನು ಬುಸಾನ್ ಊರಿನ ಹುಡುಗ. ಮೊದಲು ಪಿಚರ್ ಆಗಿದ್ದ, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. 2000ದಲ್ಲಿ ಜೂನಿಯರ್ ವಿಶ್ವ ಟೂರ್ನಿಯಲ್ಲಿ ಅವನೇ ಬೆಸ್ಟ್ ಆಟಗಾರ. ಸಿಯಾಟಲ್ ಟೀಮ್ ಅವನನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗಿ, ಪಿಚಿಂಗ್ ಬಿಡಿಸಿ ಔಟ್‌ಫೀಲ್ಡ್‌ಗೆ ಹಾಕಿತು. ಹದಿನೆಂಟು ವರ್ಷದ ಹುಡುಗ, ಭಾಷೆ ಬಾರದು, ಕೈಯಲ್ಲಿದ್ದ ಕಸುಬೂ ಹೋಯಿತು. ಅದೂ ಅಲ್ಲದೆ ಆ ಟೀಮಿನಲ್ಲಿ ಚೂ ಆಡಬೇಕಿದ್ದ ರೈಟ್ ಫೀಲ್ಡ್ ಜಾಗದಲ್ಲಿ ಜಪಾನಿನ ದೊಡ್ಡ ಆಟಗಾರ ಇಚಿರೊ ನಿಂತಿದ್ದ. ಅವನನ್ನು ಯಾರು ತೆಗೆಯುತ್ತಾರೆ, ಅಲ್ವಾ? ಚೂ ವರ್ಷಗಟ್ಟಲೆ ಕೆಳಗಿನ ಲೀಗ್‌ಗಳಲ್ಲೇ ಸವೆದ. 2006ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದ ಮೇಲೆಯೇ ಅವನ ಬಾಗಿಲು ತೆರೆದದ್ದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅವನ ದೊಡ್ಡ ವಿದ್ಯೆ ಚೆಂಡು ಬಿಡೋದು. ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಡುತ್ತಾರಲ್ಲ, ಹಾಗೆ. ಬೇಸ್‌ಬಾಲ್‌ನಲ್ಲಿ ನಾಲ್ಕು ಕೆಟ್ಟ ಚೆಂಡು ಮುಟ್ಟದೆ ಬಿಟ್ಟರೆ ಮೊದಲ ಬೇಸ್, ಅಂದರೆ ಓಟದ ಮೊದಲ ನಿಲ್ದಾಣ, ಸುಮ್ನೆ ಸಿಗುತ್ತದೆ. 2013ರಲ್ಲಿ ಸಿನ್ಸಿನಾಟಿಗೆ ಆಡುವಾಗ ಹೀಗೆ 112 ಸಲ ಬೇಸ್ ಗಳಿಸಿದ. ಇನ್ನು 26 ಸಲ ಚೆಂಡು ಮೈಗೇ ಬಡಿಯಿತು, ಅದಕ್ಕೂ ಬೇಸ್ ಸಿಗುತ್ತದೆ. 2011ರಲ್ಲಿ ಇಂಥದ್ದೇ ಒಂದು ಚೆಂಡು ಅವನ ಹೆಬ್ಬೆರಳು ಮುರಿದಿತ್ತು. ಆದರೂ ಪ್ಲೇಟಿನ, ಅಂದರೆ ಚೆಂಡು ಹಾದುಹೋಗುವ ಜಾಗದ, ಹತ್ತಿರ ನಿಲ್ಲೋದು ಬಿಡಲಿಲ್ಲ ನೋಡಿ! 2013ರಲ್ಲಿ ನೂರಕ್ಕೆ 42 ಸಲ ಬೇಸ್ ಮೇಲಿದ್ದ. ಡಲ್ಲಾಸ್ ಕಡೆಯ ಟೀಮ್ ಟೆಕ್ಸಸ್ ರೇಂಜರ್ಸ್ ಆ ದುಡ್ಡು ಕೊಟ್ಟದ್ದು ಅದಕ್ಕೆ. 2018ರಲ್ಲಿ ಸತತ 52 ಪಂದ್ಯಗಳಲ್ಲಿ ಬೇಸ್ ಮುಟ್ಟಿದ. ಒಟ್ಟು 218 ಹೋಮ್ ರನ್ ಕೂಡ ಇವೆ, ನಮ್ಮ ಸಿಕ್ಸರ್ ಇದ್ದ ಹಾಗೆ. ಜಪಾನಿನ ಒಹ್ತಾನಿ ದಾಟುವವರೆಗೂ ಅಮೆರಿಕದ ದೊಡ್ಡ ಲೀಗ್‌ನಲ್ಲಿ ಆಡಿದ ಏಷ್ಯಾದವರಲ್ಲಿ ಅದೇ ಜಾಸ್ತಿ.

ದುಡ್ಡಿನ ಮಾತು ಬಂತಲ್ಲ, ಇದನ್ನೂ ಕೇಳಿ. 2020ರಲ್ಲಿ ಕೊರೋನಾದಿಂದ ಆಟ ನಿಂತಾಗ, ರೇಂಜರ್ಸ್‌ನ ಕೆಳಗಿನ ಲೀಗ್‌ಗಳ 190 ಹುಡುಗರಿಗೆ ತಲಾ ಸಾವಿರ ಡಾಲರ್ ಕೊಟ್ಟ. ಊಟದ ಭತ್ಯೆ ಉಳಿಸಿ ಮಗುವಿಗೆ ಡೈಪರ್ ಕೊಂಡ ದಿನಗಳನ್ನು ಅವನು ಮರೆತಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 27, ಅಮೆರಿಕದಲ್ಲಿ ಅವನ ಕೊನೆಯ ಪಂದ್ಯ. ಕೈಗೆ ಏಟಾಗಿತ್ತು, ಬ್ಯಾಟ್ ಬೀಸಲು ಆಗುತ್ತಿರಲಿಲ್ಲ. ಪ್ರೇಕ್ಷಕರಿಗೆ ಪ್ರವೇಶವಿಲ್ಲದ ಸ್ಟೇಡಿಯಂನಲ್ಲಿ ಅವನ ಹೆಂಡತಿ ಮಕ್ಕಳಿಗೆ ಮಾತ್ರ ಜಾಗ ಕೊಟ್ಟಿದ್ದರು. ಬ್ಯಾಟ್ ಅಡ್ಡ ಹಿಡಿದು ಚೆಂಡನ್ನು ಮೂರನೇ ಬೇಸ್ ಕಡೆ ಮೆಲ್ಲಗೆ ತಳ್ಳಿದ, ಓಡಿದ. 38 ವರ್ಷದವನು!

ಆಮೇಲೆ ಕೊರಿಯಾಕ್ಕೆ ಮರಳಿ, ಅಲ್ಲಿನ ಎಸ್‌ಎಸ್‌ಜಿ ಲ್ಯಾಂಡರ್ಸ್ ಟೀಮ್ ಪರ ಆಡಿ, 2022ರಲ್ಲಿ ಕೊರಿಯನ್ ಸೀರೀಸ್ ಗೆದ್ದ. ಅಮೆರಿಕದ ಹದಿನಾರು ಸೀಸನ್‌ಗಳಲ್ಲಿ ಸಿಗದ ಚಾಂಪಿಯನ್ ಪಟ್ಟ ಅಲ್ಲಿ ಸಿಕ್ಕಿತು. ನನಗಂತೂ ಕಣ್ಣು ತುಂಬಿ ಬಂದಿತ್ತು ಮಾವ.

ಆ ಕೊನೆಯ ಓಟದ ವಿಡಿಯೋ ರಾತ್ರಿ ಹುಡುಕಿ ಕಳಿಸುತ್ತೇನೆ. ಬೇಸ್ ಮುಟ್ಟಿ ಮುಗ್ಗರಿಸುತ್ತಾನಲ್ಲ, ಅಲ್ಲಿ ಸ್ವಲ್ಪ ನಿಲ್ಲಿಸಿ ನೋಡಿ.